ಸವೆಯದ ಕೆಂಪು ತುದಿ

ವರ್ಲಿನ್ ಗ್ರೇಬಿಲ್ ಕೊರಳಲ್ಲಿ ಒಂದು ಉಕ್ಕಿನ ತುಂಡು ಕಟ್ಟಿಕೊಂಡು ಓಡಾಡುತ್ತಾನೆ. ಬೂಟಿನ ಲಾಡಿಗೆ ಪೋಣಿಸಿದ್ದು. ಹೆಬ್ಬೆರಳಿಗಿಂತ ತುಸು ದಪ್ಪ, ಗೇಣಿಗಿಂತ ತುಸು ಗಿಡ್ಡ. ಒಂದು ತುದಿಗೆ ಹಸಿರು ಬಣ್ಣ, ಇನ್ನೊಂದಕ್ಕೆ ಕೆಂಪು. ಹೊಸಬರು ಅದನ್ನು ಸೀಟಿ ಎಂದುಕೊಂಡು, ಊದಲು ತೂತೆಲ್ಲಿದೆ ಎಂದು ಕೇಳುತ್ತಾರೆ.

"ತೂತು ಇದರಲ್ಲಿಲ್ಲ, ನನ್ನ ಪೆಟ್ಟಿಗೇಲಿದೆ, ಇಪ್ಪತ್ನಾಲ್ಕು," ಎನ್ನುತ್ತಾನೆ ವರ್ಲಿನ್. ಈ ತಮಾಷೆಯನ್ನು ನಾನು ಒಂಬತ್ತು ವರ್ಷದಿಂದ ಕೇಳುತ್ತಿದ್ದೇನೆ.

ಒಂಬತ್ತು ವರ್ಷದಿಂದ ಬೇಸಿಗೆಯ ಶನಿವಾರ ಮಧ್ಯಾಹ್ನಗಳಲ್ಲಿ ಪ್ಲಮ್ ಕ್ರೀಕ್ ಕಾರ್ ಓಟದ ಟ್ರ್ಯಾಕಿನ ಹಿಂಬದಿಯ ಗೇಟಿನಲ್ಲಿ ಕೂರುವುದು ನನ್ನ ಕೆಲಸ. ಒಳಗೆ ಹೋಗುವವರಿಂದ ಸಹಿ ಹಾಕಿಸಿಕೊಂಡು ಅವರ ಮಣಿಕಟ್ಟಿಗೆ ಕಾಗದದ ಪಟ್ಟಿ ಕಟ್ಟುತ್ತೇನೆ. ಒಂದು ಮೇಜು, ಎರಡು ಮಡಚುವ ಕುರ್ಚಿ, ಒಂದು ಕೊಡೆ. ಎರಡನೆಯ ಕುರ್ಚಿ ವರ್ಲಿನ್‌ದು. ನಾವಿಬ್ಬರೂ ಒಂದೇ ಶಾಲೆಯಲ್ಲಿ ಓದಿದವರು, ಅವನು ನನಗಿಂತ ಎರಡು ತರಗತಿ ಮುಂದೆ. ಭಾನುವಾರ ಒಂದೇ ಚರ್ಚು. ಹೀಗಾಗಿ ಅವನ ಬದುಕಿನ ಕತೆಯನ್ನು ನಾನು ಒಟ್ಟಿಗೆ ಕೂತು ಕೇಳಿಲ್ಲ. ಗೇಟಿನಲ್ಲಿ ಜನ ಕಡಿಮೆಯಾದಾಗ ಸಿಕ್ಕ ತುಣುಕುಗಳನ್ನು ಕೂಡಿಸಿಕೊಂಡಿದ್ದೇನೆ.

ಇಲ್ಲಿ ಓಡುವುದು ಮಿಜೆಟ್‌ಗಳು. ಮಿಜೆಟ್ ಎಂದರೆ ಗಿಡ್ಡ ಕಾರು. ಬಾಗಿಲಿಲ್ಲ. ಮೇಲೊಂದು ಕಬ್ಬಿಣದ ಪಂಜರ, ಮುಂದೆ ನಾಲ್ಕು ಸಿಲಿಂಡರಿನ ಎಂಜಿನ್ನು, ನಡುವೆ ಇಕ್ಕಟ್ಟಿನಲ್ಲಿ ಒಬ್ಬ ಮನುಷ್ಯ. ಕಾಲು ಮೈಲಿಯ ಮಣ್ಣಿನ ಸುತ್ತಿನಲ್ಲಿ ತಿರುವು ಬಂದಾಗ ಅವು ಮುಂದೆ ಹೋಗುವುದಕ್ಕಿಂತ ಅಡ್ಡಡ್ಡ ಜಾರುವುದೇ ಹೆಚ್ಚು. ಓಡಿಸುವವರ ಬಟ್ಟೆಗೂ ನೋಡುವವರ ಬಟ್ಟೆಗೂ ಮಣ್ಣು ಸಮಾನವಾಗಿ ಬೀಳುತ್ತದೆ.

ವರ್ಲಿನ್ ಹತ್ತೊಂಬತ್ತನೇ ವಯಸ್ಸಿಗೆ ಬೇರಿಂಗ್ ಕಾರ್ಖಾನೆಯ ಅಳತೆ ಕೋಣೆಗೆ ಸೇರಿದ. ಕೂದಲೆಳೆಯನ್ನು ಹತ್ತಾಗಿ ಸೀಳಿದರೆ ಎಷ್ಟೋ ಅಷ್ಟು ಹೆಚ್ಚುಕಡಿಮೆಯನ್ನೂ ಹಿಡಿಯುವುದು ಅಲ್ಲಿನ ಕೆಲಸ. ಮೂವತ್ತೆಂಟು ವರ್ಷ ಅದನ್ನೇ ಮಾಡಿದ. ಶನಿವಾರಗಳಲ್ಲಿ ತನ್ನದೇ ಮಿಜೆಟ್ ಓಡಿಸುತ್ತಿದ್ದ. ಅವನ ಹೆಂಡತಿ ನೋಲಾಳ ಅಣ್ಣ ಡೆಲ್ಬರ್ಟ್ ಕ್ರೈಡರ್, ನಾವೆಲ್ಲ ಡೆಲ್ ಎನ್ನುವವನು, ಆಗಲೂ ಅವನ ಪಕ್ಕದಲ್ಲೇ ಕಾರು ಓಡಿಸುತ್ತಿದ್ದ. ಆ ಕಾಲಕ್ಕೆ ಪ್ಲಮ್ ಕ್ರೀಕಿನಲ್ಲಿ ಮೂವತ್ತೊಂದು ಕಾರುಗಳಿದ್ದವು.

ಆಮೇಲೆ ಸಾವಿರದ ಒಂಬೈನೂರ ಎಂಬತ್ಮೂರರಲ್ಲಿ ಹಲ್ಲಿನ ಡಾಕ್ಟರೊಬ್ಬ ಒಂದು ಎಂಜಿನ್ನು ತಂದ. ಓಟಕ್ಕೆಂದೇ ಕಟ್ಟಿಸಿದ್ದು. ಅದರ ಬೆಲೆಗೆ ನಮ್ಮೂರಿನಲ್ಲಿ ಗ್ಯಾರೇಜ್ ಸಮೇತ ಒಂದು ಮನೆ ಬರುತ್ತಿತ್ತು. ಅವನು ಗೆದ್ದ. ಅವನನ್ನು ಸೋಲಿಸಲು ಇನ್ನಿಬ್ಬರು ಅದಕ್ಕಿಂತ ದುಬಾರಿಯದು ತಂದರು. ಮೂರು ವರ್ಷದಲ್ಲಿ ಒಂಬತ್ತು ಕಾರು ಉಳಿದವು. ನಾಲ್ಕನೆಯ ವರ್ಷ ಗೇಟಿಗೆ ಬೀಗ ಬಿತ್ತು, ಟ್ರ್ಯಾಕಿನಲ್ಲಿ ಸೋಯಾ ಬಿತ್ತಿದರು.

"ಯಾರೂ ಮೋಸ ಮಾಡ್ಲಿಲ್ಲ ನೋಡು ಆರ್ಡಿಸ್," ಎಂದಿದ್ದ ಒಮ್ಮೆ ವರ್ಲಿನ್. "ನಿಯಮ ಬಿಟ್ಟು ಯಾರೂ ಏನೂ ಮಾಡ್ಲಿಲ್ಲ. ಅದೇ ನನಗೆ ಆಶ್ಚರ್ಯ."

ಹನ್ನೆರಡು ವರ್ಷದ ಹಿಂದೆ, ಕೆಲಸದಿಂದ ನಿವೃತ್ತನಾದ ಮೇಲೆ, ಅವನಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ನರ್ಸು ಒಳಗೆ ಚೆಂಡಿರುವ ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟು ಉಸಿರೆಳೆಯಲು ಹೇಳಿದಳು. ಪಕ್ಕದ ಹಾಸಿಗೆಯಲ್ಲಿ ಆರಡಿ ನಾಲ್ಕಂಗುಲದ ಒಬ್ಬ ಗದ್ದೆಯಾಳು. ಅವನೂ ಅಂಥದ್ದೇ ಕೊಳವೆಯಲ್ಲಿ ಎಳೆಯುತ್ತಿದ್ದ. ಇಬ್ಬರ ಚೆಂಡೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಏರುತ್ತಿತ್ತು. ವರ್ಲಿನ್ ಕೊಳವೆ ಬಾಯಲ್ಲಿಟ್ಟುಕೊಂಡೇ ಯೋಚಿಸಿದ. ಎದೆ ಎಷ್ಟೇ ದೊಡ್ಡದಿರಲಿ, ಗಾಳಿ ಬರುವ ದಾರಿ ಒಂದೇ ಅಳತೆಯದಾದರೆ?

ಮನೆಗೆ ಬಂದವನೇ ತನ್ನ ಲೇತ್ ಯಂತ್ರದಲ್ಲಿ ಅಂಗೈಯಗಲದ ಅಲ್ಯುಮಿನಿಯಂ ತಗಡು ಕತ್ತರಿಸಿ ನಡುವೆ ಒಂದು ತೂತು ಕೊರೆದ. ಎಂಜಿನ್ನಿಗೆ ಗಾಳಿ ಹೋಗುವ ಬಾಯಲ್ಲಿ ಅದನ್ನಿಟ್ಟು ಬಿಗಿದರೆ, ಗುಜರಿಯಿಂದ ತಂದ ಎಂಜಿನ್ನೂ ಅರಮನೆಯಿಂದ ತಂದ ಎಂಜಿನ್ನೂ ಅಷ್ಟೇ ಗಾಳಿ ಕುಡಿಯಬೇಕು. ಹೆಚ್ಚು ಗಾಳಿ ಇಲ್ಲದೆ ಹೆಚ್ಚು ಶಕ್ತಿ ಇಲ್ಲ. ಆಗ ದುಡ್ಡು ಸುರಿದು ಏನು ಪ್ರಯೋಜನ? ನಮ್ಮ ಕಡೆ ಹಂದಿ ನೆಲ ಅಗೆಯದಿರಲೆಂದು ಮೂಗಿಗೆ ಬಳೆ ಹಾಕುತ್ತಾರೆ. ಜನ ಆ ತಗಡಿಗೆ ಮೂಗುಬಳೆ ಎಂದೇ ಹೆಸರಿಟ್ಟರು.

ಮೂಗುಬಳೆಯಿಂದಾಗಿ ಟ್ರ್ಯಾಕ್ ಮತ್ತೆ ತೆರೆಯಿತು. ಸೋಯಾ ಕಿತ್ತು ಮಣ್ಣು ಹಾಸಿದರು. ದೀಪದ ಕಂಬಗಳಿಗೆ ದುಡ್ಡಿಲ್ಲದ್ದರಿಂದ ಓಟ ಮಧ್ಯಾಹ್ನವೇ ನಡೆಯುತ್ತದೆ. ಓಟಕ್ಕೆ ಮೊದಲು ವರ್ಲಿನ್ ತನ್ನ ಮರದ ಪೆಟ್ಟಿಗೆಯಿಂದ ಬಳೆಗಳನ್ನು ಹಂಚುತ್ತಾನೆ, ಮುಗಿದ ಮೇಲೆ ಬಿಚ್ಚಿಸಿ ವಾಪಸು ಪಡೆಯುತ್ತಾನೆ. ಪ್ರತಿಯೊಂದಕ್ಕೂ ಕೊರಳಿನ ಆ ಉಕ್ಕಿನ ತುಂಡನ್ನು, ಅಂದರೆ ತೂತು ಅಳೆಯುವ ಗೇಜನ್ನು, ತೂರಿಸಿ ನೋಡುತ್ತಾನೆ.

ಮೊದಮೊದಲು ಹಂಚಿಕೆ ಚೀಟಿ ಎತ್ತಿ ನಡೆಯುತ್ತಿತ್ತು. ಕಾಫಿ ಡಬ್ಬದಲ್ಲಿ ನಂಬರಿನ ಬಿಲ್ಲೆ, ಯಾರಿಗೆ ಯಾವುದು ಬಂತೋ ಅದು. ಆದರೆ ಓಟದವರಿಗೆ ನಂಬಿಕೆಗಳು ಜಾಸ್ತಿ. ನಾಲ್ಕನೇ ಬಳೆಯಲ್ಲಿ ಎರಡು ಸಲ ಗೆದ್ದ ಡೆಲ್, ಅದನ್ನೇ ಕೊಡು ಎಂದು ಗಂಟುಬಿದ್ದ. ಇನ್ನೊಬ್ಬನಿಗೆ ಹನ್ನೊಂದು ಬೇಕು, ಮಗಳು ಹುಟ್ಟಿದ ದಿನ. ಎಲ್ಲ ಒಂದೇ ಅಳತೆಯದಾದ ಮೇಲೆ ಯಾರು ಯಾವುದು ಇಟ್ಟುಕೊಂಡರೇನು ಎಂದು ವರ್ಲಿನ್ ಒಪ್ಪಿದ. ಡಬ್ಬ ನನ್ನ ಮೇಜಿನಡಿ ಸೇರಿತು. ಅದರಲ್ಲೀಗ ಪೆನ್ನು, ಪಿನ್ನು, ನೊಣ ಹೊಡೆಯುವ ಪ್ಲಾಸ್ಟಿಕ್ಕಿನ ಕೋಲು.

ಡೆಲ್ ಆ ನಾಲ್ಕನೇ ಬಳೆಯಿಂದ ಮೂರು ಸಲ ವರ್ಷದ ಚಾಂಪಿಯನ್ ಆಗಿದ್ದಾನೆ. ಎಪ್ಪತ್ತರ ಹತ್ತಿರದ ವಯಸ್ಸಿಗೆ ಅದು ಸಣ್ಣ ಮಾತಲ್ಲ. ಅವನೂ ಅದನ್ನು ಸಣ್ಣ ಮಾತಾಗಿ ಇಟ್ಟಿಲ್ಲ.

ಹೋದ ಬೇಸಿಗೆಯಲ್ಲಿ ಇದೆಲ್ಲ ಮುಳುಗುವ ಲಕ್ಷಣ ಕಂಡಿತು. ಸರೋವರದ ಹತ್ತಿರ ದೋಣಿ ಮಾರುವ ಬ್ರೆಂಟ್ ಹ್ಯಾಡ್ಲಿ ಎಂಬವನು ಕ್ಲಬ್ಬಿನಲ್ಲಿ ಒಂದು ಗೊತ್ತುವಳಿ ಇಟ್ಟ: ಮುಂದಿನ ವರ್ಷದಿಂದ ಮೂಗುಬಳೆ ಬೇಡ, ಯಾರ ಕೈಲಿ ಏನಾಗುತ್ತದೋ ಆ ಎಂಜಿನ್ನು ತರಲಿ. ಆಗಸ್ಟಿನ ಕೊನೆಯ ಶನಿವಾರ ಮತ. ಬ್ರೆಂಟ್ ಕೆಟ್ಟವನಲ್ಲ, ಗೇಟಿಗೆ ಬಂದಾಗಲೆಲ್ಲ ನನಗೆ ತಣ್ಣಗಿನ ನಿಂಬೆ ಪಾನಕ ತಂದುಕೊಡುತ್ತಾನೆ. ಮೂರು ವರ್ಷದಿಂದ ಓಡಿಸುತ್ತಿದ್ದ, ಒಂದೂ ಗೆದ್ದಿರಲಿಲ್ಲ.

"ಹಳಬರು ಹಳಬರೇ ಗೆಲ್ತಾರೆ ಆರ್ಡಿಸ್," ಎನ್ನುತ್ತಿದ್ದ. "ಕ್ಲಬ್ಬಾ ಇದು, ಅವರ ಮನೆ ಹಜಾರಾನಾ?"

ಅವನೊಬ್ಬನ ಮಾತಾಗಿದ್ದರೆ ವರ್ಲಿನ್ ಅಷ್ಟು ಕಳವಳ ಪಡುತ್ತಿರಲಿಲ್ಲ. ಹೊಸಬರೆಲ್ಲ ಬ್ರೆಂಟನ ಕಡೆ ವಾಲುತ್ತಿದ್ದರು. ಅವರಲ್ಲಿ ರೊಸಾಲ್ಬಾ ಕಿಂಟೆರೊ ಕೂಡ ಇದ್ದುದು ನಮಗೆ ಸೋಜಿಗ. ಅವಳು ಪ್ರವಾಸದ ಮನೆಗಾಡಿ ಕಟ್ಟುವ ಕಾರ್ಖಾನೆಯಲ್ಲಿ ಬೆಳಗಿನ ಐದಕ್ಕೆ ಹೋಗಿ ಗೋಡೆಯ ಹಲಗೆ ಹೊಡೆಯುವವಳು. ಗುಜರಿಯ ಎಂಜಿನ್ನನ್ನು ಗಂಡ ಎಫ್ರೇನ್ ಜೊತೆ ತಾನೇ ಬಿಚ್ಚಿ ಜೋಡಿಸಿದವಳು. ಬಳೆ ಹೋದರೆ ಮೊದಲು ಮನೆಗೆ ಹೋಗುವವಳು ಅವಳೇ.

"ಗೊತ್ತು," ಎಂದಳು ಅವಳು ಜುಲೈಯಲ್ಲಿ ಒಂದು ದಿನ, ಮಣಿಕಟ್ಟು ಚಾಚುತ್ತ. "ಸೀದಾ ದಾರಿಯಲ್ಲಿ ಎಲ್ರೂ ನನ್ನ ದಾಟಿಕೊಂಡು ಹೋಗ್ತಾರೆ. ತಿರುವಲ್ಲಿ ನಾನು ಹಿಡೀತೀನಿ, ಸೀದಾ ದಾರಿ ಬಂತೋ, ಟಾಟಾ. ಕಾರ್ಬುರೇಟರ್ ಬದಲಿಸ್ದೆ, ಗೇರು ಬದಲಿಸ್ದೆ, ಟೈರು ಬದಲಿಸ್ದೆ. ಇನ್ನು ಎಫ್ರೇನ್‌ನ ಒಬ್ಬನ್ನ ಬದಲಿಸೋದು ಬಾಕಿ."

"ಅನುಭವ ಬೇಕಮ್ಮಾ!" ಎಂದು ಡೆಲ್ ಹಿಂದಿನಿಂದ ಕೂಗಿದ. "ನಲವತ್ತು ವರ್ಷ ಓಡಿಸು, ಆಮೇಲೆ ಬಾ."

"ನಲವತ್ತು ವರ್ಷ ಆದ್ಮೇಲೆ ನೀವು ಇರ್ತೀರಾ ಡಾನ್ ಡೆಲ್?" ಹಿರಿಯರನ್ನು ಅವಳು ಗೌರವದಿಂದ ಡಾನ್ ಎಂದೇ ಕರೆಯುತ್ತಾಳೆ.

"ಇರ್ತೀನಿ, ನಿನ್ನ ಮುಂದೇನೇ ಇರ್ತೀನಿ."

ಅವಳು ನಕ್ಕಳು. ಆದರೆ ಗೇಟು ದಾಟುವ ಮೊದಲು ವರ್ಲಿನ್ ಕಡೆ ತಿರುಗಿ ಹೇಳಿದಳು: "ಡಾನ್ ವರ್ಲಿನ್, ಬೇಜಾರು ಮಾಡ್ಕೋಬೇಡಿ. ನಾನು ಬಳೆ ಬೇಡ ಅಂತಲೇ ಮತ ಹಾಕ್ತೀನಿ. ಕಾರು ಮಾರ್ತಾ ಇದ್ದೀನಿ ಹೇಗೂ. ಹೋಗೋಕೆ ಮುಂಚೆ ಒಂದು ಸಲ ಮೂಗು ಬಿಟ್ಟುಕೊಂಡು ಓಡಿಸ್ಬೇಕು ಅಂತ ಆಸೆ."

ಅವಳು ಗೇಟು ದಾಟುವುದನ್ನು ವರ್ಲಿನ್ ನೋಡಿದ. ಆಮೇಲೆ ನನ್ನ ಕಡೆ ನೋಡದೆ, "ಎಂಬತ್ಮೂರು ಮತ್ತೆ ಬರ್ತಾ ಇದೆ," ಎಂದ. "ಈ ಸಲ ನಾನು ಕಟ್ಟಿದ್ದರ ಮೇಲೇ. ಇನ್ನೊಂದು ಸಲ ಕಟ್ಟೋ ವಯಸ್ಸು ನನಗಿಲ್ಲ."

ಆ ವಾರ ಪೂರ್ತಿ ನಾನು ಅವನಿಗಾಗಿ ಪ್ರಾರ್ಥಿಸಿದೆ. ಏನನ್ನು ಬೇಡಬೇಕೆಂದು ಸರಿಯಾಗಿ ತಿಳಿಯಲಿಲ್ಲ. ಸುಮ್ಮನೆ ಹೆಸರು ಹೇಳಿದೆ.

ಆಗಸ್ಟಿನ ಎರಡನೆಯ ಶನಿವಾರ. ಓಟ ಮುಗಿದು, ಜನ ಕಾರುಗಳನ್ನು ಟ್ರೇಲರಿಗೆ ಏರಿಸುತ್ತಿದ್ದರು. ಬಿಸಿಲು ಇನ್ನೂ ಇತ್ತು. ಡೆಲ್ ಮತ್ತೆ ಗೆದ್ದಿದ್ದ. ವರ್ಲಿನ್ ಬಳೆಗಳನ್ನೆಲ್ಲ ಸಂಗ್ರಹಿಸಿಕೊಂಡು ಬಂದು ನನ್ನ ಪಕ್ಕ ಕೂತು ಐಸ್ ಟೀ ಕುಡಿಯುತ್ತಿದ್ದ. ಗೇಜು ಅವನ ಅಂಗಿಯ ಮೇಲೆ ಅಡ್ಡ ಬಿದ್ದಿತ್ತು. ನನಗೆ ಕೈಯಲ್ಲಿ ಕೆಲಸವಿಲ್ಲದಾಗ ಕಣ್ಣೆದುರಿನದನ್ನು ನೋಡುತ್ತ ಕೂರುವ ಅಭ್ಯಾಸ. ಹಸಿರು ತುದಿಯಲ್ಲಿ ಹಸಿರೇ ಉಳಿದಿರಲಿಲ್ಲ. ಬಣ್ಣ ಪೂರ್ತಿ ಸವೆದು ಉಕ್ಕು ಬೆಳ್ಳಗೆ ಹೊಳೆಯುತ್ತಿತ್ತು, ಅಂಚಿನಲ್ಲಿ ಮಾತ್ರ ಒಂದು ಗೆರೆ. ಕೆಂಪು ತುದಿ ನಿನ್ನೆ ಬಳಿದಂತಿತ್ತು.

"ವರ್ಲಿನ್, ಎರಡೂ ಬಣ್ಣ ಒಟ್ಟಿಗೇ ಬಳಿದಿದ್ದಾ?"

"ಹೂಂ. ಹನ್ನೊಂದು ವರ್ಷ ಆಯ್ತು. ಯಾಕೆ?"

"ಹಸಿರು ಸವೆದಿದೆ. ಕೆಂಪು ಯಾಕೆ ಹೊಸದರ ಹಾಗಿದೆ?"

"ಹಸಿರು ತೂತಿನೊಳಗೆ ಹೋಗ್ಬೇಕು ಕಣೆ. ಮಣ್ಣು ಕೂತೋ, ಅಂಚು ಬಗ್ಗಿಯೋ ತೂತು ಚಿಕ್ಕದಾಗಿದ್ರೆ ಹೋಗಲ್ಲ. ಪಾಪ ಯಾರಿಗೂ ಉಸಿರು ಕಟ್ಟಬಾರದಲ್ಲ, ಅದಕ್ಕೆ ಪ್ರತಿವಾರ ನೋಡ್ತೀನಿ."

"ಮತ್ತೆ ಕೆಂಪು?"

"ಕೆಂಪು ಚೂರು ದಪ್ಪ. ಅದು ಹೋಗಬಾರ್ದು. ಹೋಯ್ತು ಅಂದ್ರೆ ತೂತು..."

ಅವನು ಮಾತು ನಿಲ್ಲಿಸಿದ. ಲೋಟವನ್ನು ಮೇಜಿನ ಮೇಲಿಟ್ಟ. ನಾನು ಕಾದೆ. ಮಾತಿನ ಮಧ್ಯೆ ನಿಂತವರನ್ನು ತಳ್ಳಬಾರದೆಂದು ನಾನು ಕಲಿತಿದ್ದೇನೆ.

"ತೂತು ದೊಡ್ಡದಾಗಿದೆ ಅಂತ," ಎಂದ ನಿಧಾನವಾಗಿ. "ಆದ್ರೆ ದೊಡ್ಡದಾಗೋದು ಹೇಗೆ? ಕೊರೆಯೋನು ನಾನೇ. ಪೆಟ್ಟಿಗೆ ಬೀಗದ ಕೈ ನನ್ನ ಹತ್ರಾನೇ."

ಹಾಗೆನ್ನುತ್ತಲೇ ಪೆಟ್ಟಿಗೆ ತೆರೆದ. ನಾಲ್ಕನೇ ಬಳೆ ತೆಗೆದ. ಕೆಂಪು ತುದಿಯನ್ನು ತೂತಿಗೆ ಹಿಡಿದ.

ಅದು ಹೋಯಿತು. ಸದ್ದೂ ಇಲ್ಲ, ತಡೆಯೂ ಇಲ್ಲ.

ವರ್ಲಿನ್ ಹೊರಗೆ ತೆಗೆದು ಮತ್ತೆ ತೂರಿಸಿದ. ಮತ್ತೆ ಹೋಯಿತು. ಆಮೇಲೆ ಒಂದೊಂದಾಗಿ ಇಪ್ಪತ್ನಾಲ್ಕನ್ನೂ ನೋಡಿದ. ಸಹಿ ಹಾಕಿದ ಹಾಳೆಗಳನ್ನು ನಾನು ಸರಿಸಿ ಜಾಗ ಕೊಟ್ಟೆ. ಕೆಂಪು ತುದಿ ಹೋಗುವುದು ಎಡಕ್ಕೆ, ಹೋಗದ್ದು ಬಲಕ್ಕೆ. ಎಡಗಡೆ ಹತ್ತು ಕೂಡಿದವು. ಎಲ್ಲವೂ ಚಿಕ್ಕ ನಂಬರುಗಳು, ಮೊದಲೆರಡು ವರ್ಷ ಮಾಡಿದವು, ಹಳಬರವು. ಬಲಗಡೆ ಈಚೆಗೆ ಸೇರಿದವರಿಗೆಂದು ಹೊಸದಾಗಿ ಕೊರೆದವು. ಬ್ರೆಂಟನದು ಅಲ್ಲಿತ್ತು. ರೊಸಾಲ್ಬಾಳ ಇಪ್ಪತ್ತಮೂರನೆಯದೂ ಅಲ್ಲಿತ್ತು.

"ಯಾರಾದ್ರೂ ಉಜ್ಜಿದ್ರಾ?" ಎಂದೆ ಮೆಲ್ಲಗೆ.

"ಉಜ್ಜಿದ್ರು," ಎಂದ ವರ್ಲಿನ್. "ನಾನೇ."

ಓಟದ ಇಂಧನ ಅಲ್ಯುಮಿನಿಯಂ ಮೇಲೆ ಬಿಳಿ ಹಿಟ್ಟಿನಂಥ ಕಿಲುಬು ಕೂರಿಸುತ್ತದೆ. ಪ್ರತಿ ಸೋಮವಾರ ಅವನು ಅಡುಗೆಮನೆಯ ಮೇಜಿನ ಮೇಲೆ ಬಳೆಗಳನ್ನು ಹರಡಿಕೊಂಡು, ನೋಲಾಳ ಪಾತ್ರೆ ತಿಕ್ಕುವ ಉಕ್ಕಿನ ನಾರಿನಿಂದ ತೂತಿನ ಒಳಗನ್ನು ತಿಕ್ಕಿ ತಿಕ್ಕಿ ಕನ್ನಡಿ ಮಾಡುತ್ತಿದ್ದ. ತನ್ನ ನಾರುಗಳೆಲ್ಲ ಎಲ್ಲಿ ಮಾಯವಾಗುತ್ತವೆ ಎಂದು ನೋಲಾ ಚರ್ಚಿನ ಮಹಿಳೆಯರ ಮುಂದೆ ದೂರು ಹೇಳುತ್ತಿದ್ದಳು. ಹನ್ನೊಂದು ಬೇಸಿಗೆ, ಪ್ರತಿವಾರ. ಒಂದು ವಾರಕ್ಕೆ ಏನೂ ಅಲ್ಲ. ಹನ್ನೊಂದು ಬೇಸಿಗೆಗೆ ಅದು ಹೆಚ್ಚಿನ ಗಾಳಿ, ಸೀದಾ ದಾರಿಯಲ್ಲಿ ಒಂದು ಕಾರಿನುದ್ದದ ಮುನ್ನಡೆ.

"ಹಸಿರು ತುದಿ ಸಡಿಲ ಅನ್ನಿಸಿರಲಿಲ್ವಾ ನಿನಗೆ?"

"ಅನ್ನಿಸಿತ್ತು," ಎಂದ. "ನನ್ನ ಕೈಗೆ ವಯಸ್ಸಾಯ್ತು ಅಂದುಕೊಂಡೆ." ನಾಲ್ಕನೇ ಬಳೆಯನ್ನು ಬೆರಳಲ್ಲಿ ತಿರುಗಿಸುತ್ತ ಹೇಳಿದ: "ಕಾರ್ಖಾನೇಲಿ ಒಂದೇ ತುದಿ ನೋಡಿ ಮಾಲು ಬಿಟ್ಟೋರನ್ನ ನಾನೇ ಮನೆಗೆ ಕಳಿಸಿದ್ದೀನಿ ಆರ್ಡಿಸ್. ಇಬ್ಬರನ್ನ."

ಅಷ್ಟರಲ್ಲಿ ಡೆಲ್ ಬಂದ. ಒಂದು ಕೈಯಲ್ಲಿ ಗೆದ್ದ ಕಪ್ಪು, ಇನ್ನೊಂದರಲ್ಲಿ ಬ್ರೆಡ್ಡಿನಾಚೆ ನಾಲ್ಕೂ ಕಡೆ ಚಾಚಿಕೊಂಡ ಹಂದಿಮಾಂಸದ ಸ್ಯಾಂಡ್‌ವಿಚ್ಚು. ಮೇಜಿನ ಮೇಲಿನ ಸಾಲುಗಳನ್ನು ನೋಡಿದ. "ಏನಯ್ಯಾ ಇದು, ಇಸ್ಪೀಟಾ?"

ವರ್ಲಿನ್ ಮಾತಾಡದೆ ನಾಲ್ಕನೇ ಬಳೆಯೊಳಗೆ ಕೆಂಪು ತುದಿ ತೂರಿಸಿ ತೋರಿಸಿದ. ಕಾರು ಓಡಿಸುವವರಿಗೆ ಹೆಚ್ಚು ವಿವರಿಸಬೇಕಾಗುವುದಿಲ್ಲ. ಡೆಲ್ ಅಗಿಯುವುದನ್ನು ನಿಲ್ಲಿಸಿದ.

"ನಾನು ಮುಟ್ಟಿಲ್ಲ," ಎಂದ.

"ಗೊತ್ತು. ನನ್ನ ಕೈಲೇ ಆಗಿದ್ದು."

ಡೆಲ್ ಕಪ್ಪನ್ನು ಮೇಜಿನ ಮೇಲಿಟ್ಟು ಸುತ್ತ ನೋಡಿ ದನಿ ತಗ್ಗಿಸಿದ. "ಸರಿ. ಈಗ ಕೇಳು. ಪೆಟ್ಟಿಗೆ ಮುಚ್ಚು. ಮತಕ್ಕೆ ಎರಡು ವಾರ ಇದೆ. ಮತ ಆಗ್ಲಿ, ಗೆಲ್ಲೋಣ. ಚಳಿಗಾಲದಲ್ಲಿ ಕೂತು ಹೊಸ ಬಳೆ ಮಾಡು. ವಸಂತಕ್ಕೆ ಎಲ್ಲರಿಗೂ ಒಂದೇ. ಯಾರಿಗೆ ಏನು ನಷ್ಟ? ಈಗ ಹೇಳಿದ್ಯೋ, ಬ್ರೆಂಟ್‌ಗೆ ತಟ್ಟೇಲಿಟ್ಟು ಕೊಟ್ಟ ಹಾಗೆ. ನಿನ್ನ ಟ್ರ್ಯಾಕ್ ಹೋಯ್ತು."

ಅವನ ಮಾತಿನಲ್ಲಿ ತನ್ನ ಮೂರು ಚಾಂಪಿಯನ್ ಕಪ್ಪುಗಳ ಚಿಂತೆಯೂ ಇತ್ತು. ಆದರೆ ಅವನು ಹೇಳಿದ್ದು ತಪ್ಪೂ ಅಲ್ಲ. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಒಳ್ಳೆಯದು ಉಳಿಯಬೇಕಾದರೆ ಎರಡು ವಾರ ಬಾಯಿ ಮುಚ್ಚಿಕೊಂಡಿದ್ದರೇನು?

ವರ್ಲಿನ್ ಬಳೆಗಳನ್ನು ಪೆಟ್ಟಿಗೆಗೆ ಹಾಕಿ ಮನೆಗೆ ಹೋದ.

ಮರುದಿನ ಚರ್ಚಿನಲ್ಲಿ ಅವನು ಯಾವಾಗಿನ ಮೂರನೇ ಸಾಲು ಬಿಟ್ಟು ಕೊನೆಯ ಬೆಂಚಿನಲ್ಲಿ ಕೂತಿದ್ದ. ಹಾಡಿನ ಪುಸ್ತಕ ತೆರೆದಿತ್ತು, ಪುಟ ಬೇರೆ. ಆರಾಧನೆ ಮುಗಿದು ಹೊರಬಂದಾಗ ನನ್ನ ಕಾರಿನ ಹತ್ತಿರ ನಿಂತಿದ್ದ.

"ರೊಸಾಲ್ಬಾಳ ಮನೆಗೆ ಹೋಗ್ತಿದ್ದೀನಿ. ನೀನೂ ಬಾ."

"ನಾನ್ಯಾಕೆ?"

"ಪ್ರಶ್ನೆ ಕೇಳಿದೋಳು ನೀನು. ಉತ್ತರ ನಾನೊಬ್ನೇ ಹೊತ್ಕೊಂಡು ಹೋಗ್ಲಾ?"

ರೊಸಾಲ್ಬಾ ಗ್ಯಾರೇಜಿನಲ್ಲಿದ್ದಳು. ಕಾರಿನ ಮೇಲೆ ಮಾರಾಟಕ್ಕಿದೆ ಎಂಬ ರಟ್ಟು ಆಗಲೇ ಇತ್ತು. ಎಫ್ರೇನ್ ನಮಗೆ ಕೂರಲು ಎರಡು ಬಕೆಟ್ ಬೋರಲು ಹಾಕಿದ. ವರ್ಲಿನ್ ಕೂರಲಿಲ್ಲ. ಕೊರಳಿನಿಂದ ಗೇಜು ತೆಗೆದು ಅವಳ ಕೈಗೆ ಕೊಟ್ಟ. ಅವನು ಅದನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದು ನಾನು ನೋಡಿದ್ದು ಅದೇ ಮೊದಲು.

"ಇದು ನಿನ್ನ ಬಳೆ. ಕೆಂಪು ತುದಿ ಹಾಕು."

"ಹೋಗ್ತಿಲ್ಲ."

"ಇದು ಡೆಲ್‌ದು. ಹಾಕು."

ಹೋಯಿತು. ಅವಳು ಎರಡು ಮೂರು ಸಲ ಹಾಗೆ ಹೀಗೆ ಮಾಡಿದಳು. ನಾರಿನ ಕತೆಯನ್ನು ವರ್ಲಿನ್ ಹೇಳಿದ, ಏನನ್ನೂ ಮೆದುಗೊಳಿಸದೆ. ಅವಳ ಮುಖ ಕೆಂಪಾಯಿತು.

"ಮೂರು ವರ್ಷ," ಎಂದಳು. "ಮೂರು ವರ್ಷ ನಾನು ಎಂಜಿನ್ನು ಬಿಚ್ಚಿದೆ, ಹಾಕಿದೆ. ರಜೆ ದಿನ ಬಿಚ್ಚಿದೆ. ನನ್ನ ಹುಟ್ಟಿದ ಹಬ್ಬದ ದಿನ ಬಿಚ್ಚಿದೆ." ಆಮೇಲೆ ಗಂಡನ ಕಡೆ ತಿರುಗಿದಳು. "ನೀನು! ನನ್ನ ತೂಕ ಇಳಿಸು ಅಂದೆ!"

"ನಾನು ಕಾರಿನ ತೂಕ ಅಂದಿದ್ದು," ಎಂದ ಎಫ್ರೇನ್, ಬಾಗಿಲ ಕಡೆ ಸರಿಯುತ್ತ.

"ಕಾರು ನೋಡ್ಕೊಂಡು ಹೇಳ್ಲಿಲ್ಲ ನೀನು."

ನನಗೆ ನಗು ತಡೆಯಲಾಗಲಿಲ್ಲ. ಅವಳಿಗೂ ಬಂತು, ಆದರೆ ಬೇಗ ಹೋಯಿತು. ವರ್ಲಿನ್‌ನನ್ನು ದಿಟ್ಟಿಸಿ ಕೇಳಿದಳು: "ಮತ ಆದ್ಮೇಲೆ ಹೇಳ್ಬಹುದಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ. ಈಗ್ಯಾಕೆ ಹೇಳ್ತಿದ್ದೀರಿ?"

"ಆಮೇಲೆ ಹೇಳಿದ್ರೆ ನನ್ನ ಇನ್ನೊಂದು ಬಳೇನ ನೀನು ಮುಟ್ತಿದ್ಯಾ?"

ಅವಳು ಯೋಚಿಸಿದಳು. "ಇಲ್ಲ."

"ಅದಕ್ಕೇ."

ಮುಂದಿನ ಶನಿವಾರ ಜಿಲ್ಲೆಯ ರೈತ ಮೇಳವಾದ್ದರಿಂದ ಓಟವಿರಲಿಲ್ಲ. ವರ್ಲಿನ್‌ಗೆ ಸಿಕ್ಕಿದ್ದು ಹದಿಮೂರು ದಿನ. ಅಷ್ಟರಲ್ಲಿ ಇಪ್ಪತ್ನಾಲ್ಕು ಹೊಸ ಬಳೆ ಮಾಡಿದ, ಈ ಸಲ ತುಕ್ಕು ಹಿಡಿಯದ ಉಕ್ಕಿನಲ್ಲಿ. ಉಕ್ಕು ಕೊರೆಯುವುದು ಕಷ್ಟ. ಒಂದು ಸಂಜೆ ನಾನು ಸಕ್ಕರೆ ಕೆನೆಯ ಪೈ ತೆಗೆದುಕೊಂಡು ಹೋದಾಗ, ಎಫ್ರೇನ್ ಲೇತಿನ ಮುಂದೆ ನಿಂತಿದ್ದ, ವರ್ಲಿನ್ ಪಕ್ಕದಲ್ಲಿ ಕೂತು ಬಯ್ಯುತ್ತಿದ್ದ. ನೋಲಾ ತನ್ನ ಪಾತ್ರೆ ನಾರುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಳು.

ಆಗಸ್ಟಿನ ಕೊನೆಯ ಶನಿವಾರ, ಯಾವಾಗಿನಂತೆ ಓಟದವರೆಲ್ಲ ಗೇಟಿನ ಒಳಗೆ ಸುತ್ತುವರಿದು ನಿಂತು ಟೋಪಿ ತೆಗೆದು ಪ್ರಾರ್ಥನೆ ಮಾಡಿದರು. ಆಮೆನ್ ಆದ ಕೂಡಲೇ ವರ್ಲಿನ್ ಮುಂದೆ ಬಂದ. ಅವನಿಗೆ ಭಾಷಣ ಬರುವುದಿಲ್ಲ. ಹಳೆಯ ಬಳೆಗಳನ್ನು ನನ್ನ ಮೇಜಿನ ಮೇಲೆ ಜೋಡಿಸಿಟ್ಟಿದ್ದ. ಗೇಜನ್ನು ಪಕ್ಕದಲ್ಲಿಟ್ಟ.

"ನಿಮ್ಮ ನಿಮ್ಮದಕ್ಕೆ ನೀವೇ ಹಾಕಿ ನೋಡಿ. ಕೆಂಪು ಹೋಗಬಾರ್ದು. ಹತ್ತು ಜನರದ್ದರಲ್ಲಿ ಹೋಗ್ತದೆ. ತಿಕ್ಕಿ ಸವೆಸಿದೋನು ನಾನು, ನೋಡದೆ ಬಿಟ್ಟೋನೂ ನಾನು. ಅವರ ತಪ್ಪು ಇದರಲ್ಲಿ ಇಲ್ಲ."

ಮೊದಲು ಯಾರೂ ಅಲ್ಲಾಡಲಿಲ್ಲ. ಆಮೇಲೆ ಸಾಲು ಕಟ್ಟಿದರು. ಬ್ರೆಂಟ್ ತನ್ನದಕ್ಕೂ ಹಾಕಿ ನೋಡಿ, ಡೆಲ್‌ನದಕ್ಕೂ ಹಾಕಿ ನೋಡಿ, ತಲೆಯಾಡಿಸಿದ.

"ಹಾಗಾದ್ರೆ ನಾನು ಹೇಳಿದ್ದೇ ಸರಿ ಆಯ್ತಲ್ಲಪ್ಪಾ? ಈ ಬಳೆ ಕೆಲಸ ಮಾಡಲ್ಲ."

"ಕೆಲಸ ಮಾಡಲ್ವಾ?" ರೊಸಾಲ್ಬಾ ಸಾಲಿನ ಹಿಂದಿನಿಂದ ಕೇಳಿದಳು. "ಚೂರೇ ಚೂರು ಸವೆದಿದ್ದಕ್ಕೆ ಮೂರು ವರ್ಷ ನಾವು ಸೋತ್ವಿ ಬ್ರೆಂಟ್. ಅಷ್ಟು ಚೆನ್ನಾಗಿ ಕೆಲಸ ಮಾಡೋ ವಸ್ತು ನನ್ನ ಮನೇಲಿ ಇನ್ನೊಂದಿಲ್ಲ."

ಯಾರೋ ನಕ್ಕರು. ವರ್ಲಿನ್ ಆಗ ಕೇಳಿಕೊಂಡ: ಮತ ಇವತ್ತೇ ಆಗಲಿ, ಆದರೆ ಓಟದ ನಂತರ. ಒಂದೇ ಒಂದು ಓಟ ಹೊಸ ಬಳೆಯಲ್ಲಿ. ಬ್ರೆಂಟ್ ಒಪ್ಪಿದ. ಅವನಿಗೂ ನೋಡುವ ಕುತೂಹಲವಿತ್ತು.

ನಾನು ಮೇಜಿನಡಿಯ ಕಾಫಿ ಡಬ್ಬದಿಂದ ಪೆನ್ನು ಪಿನ್ನುಗಳನ್ನು ಸುರಿದು ಬಿಲ್ಲೆಗಳನ್ನು ಹಾಕಿದೆ. ಒಬ್ಬೊಬ್ಬರೂ ಬಂದು ಎತ್ತಿದರು. ಎತ್ತಿದ ಬಳೆಯನ್ನು ನಾನು ಎರಡೂ ತುದಿಯಿಂದ ನೋಡಿ ಕೊಟ್ಟೆ. ಗೇಜನ್ನು ವರ್ಲಿನ್ ನನ್ನ ಕೊರಳಿಗೆ ಹಾಕಿದ್ದ. ಡೆಲ್‌ಗೆ ಹತ್ತೊಂಬತ್ತು ಬಂತು. ನಾಲ್ಕು ಬ್ರೆಂಟನಿಗೆ ಹೋಯಿತು. ಡೆಲ್ ಅದನ್ನೇ ನೋಡುತ್ತ ನಿಂತ, ಅಂಗಡಿಯ ಗಾಜಿನಾಚೆ ಯಾರೋ ತನ್ನ ಕೋಟು ತೊಟ್ಟದ್ದನ್ನು ನೋಡುವವನಂತೆ.

ಆ ದಿನದ ಓಟವನ್ನು ಮರೆಯಲಾರೆ. ಸೀದಾ ದಾರಿಯಲ್ಲಿ ಯಾರೂ ಯಾರನ್ನೂ ಸುಲಭವಾಗಿ ದಾಟುತ್ತಿರಲಿಲ್ಲ. ಎಲ್ಲವೂ ತಿರುವಿನಲ್ಲೇ ಆಗಬೇಕಾಯಿತು, ಮಣ್ಣಿನಲ್ಲಿ, ಜಾರುತ್ತ. ಮೊದಲ ಹತ್ತು ಕಾರುಗಳು ಒಂದೇ ಸರದಲ್ಲಿ ಪೋಣಿಸಿದಂತೆ ಸುತ್ತಿದವು. ಕೊನೆಗೆ ಗೆದ್ದದ್ದು ಹಾಲಿನ ಟ್ಯಾಂಕರ್ ಓಡಿಸುವ, ಬಾಯಿಬಿಟ್ಟು ಮಾತಾಡದ ಒಬ್ಬ ಮನುಷ್ಯ. ರೊಸಾಲ್ಬಾ ನಾಲ್ಕನೆಯವಳು. ಡೆಲ್ ಆರನೆಯವನು. ಬ್ರೆಂಟ್ ಹನ್ನೆರಡನೆಯವನು.

ಅವಳು ಕಾರಿನಿಂದ ಇಳಿದು, ಹೆಲ್ಮೆಟ್ ತೆಗೆದು, ನನ್ನ ಮೇಜಿಗೆ ಬಂದು ಬಳೆ ಒಪ್ಪಿಸಿದಳು. ಮುಖದಲ್ಲಿ ಕಣ್ಣಿನ ಸುತ್ತ ಮಾತ್ರ ಚರ್ಮ ಕಾಣುತ್ತಿತ್ತು.

"ಖುಷಿಯಾಯ್ತಾ?" ಎಂದೆ.

"ಕೋಪ ಬಂತು," ಎಂದಳು. "ಮೂರನೇ ತಿರುವಲ್ಲಿ ನಾನು ಪೆಡಲಿಂದ ಬೇಗ ಕಾಲೆತ್ತಿದೆ. ಎರಡು ಸಲ. ಅಲ್ಲೇ ಹೋಗಿದ್ದು. ಇನ್ನು ಯಾರನ್ನ ದೂರ್ಲಿ ಆರ್ಡಿಸ್? ನಾನೇ ಉಳಿದಿರೋದು." ಹೇಳುತ್ತ ಹೇಳುತ್ತ ಅವಳ ಹಲ್ಲು ಕಂಡಿತು. ನಾನು ಅವಳ ಟ್ರೇಲರಿನ ಕಡೆ ನೋಡಿದೆ. ಎಫ್ರೇನ್ ಮಾರಾಟದ ರಟ್ಟನ್ನು ಮಡಚಿ ಎಣ್ಣೆ ಸೋರುವ ಕಡೆ ಹಾಸುತ್ತಿದ್ದ.

ಮತ ಟ್ರ್ಯಾಕಿನ ಪಕ್ಕದ ಮರದ ಬೆಂಚುಗಳಲ್ಲಿ ನಡೆಯಿತು, ಕೈ ಎತ್ತಿ. ಬಳೆ ಇರಲಿ ಎಂದವರು ಹದಿನಾರು, ಬೇಡ ಎಂದವರು ಎಂಟು. ಬೇಡ ಎಂದವರಲ್ಲಿ ಇಬ್ಬರು ಹಳಬರಿದ್ದರು. ಅವರ ಮುಖ ಆ ದಿನ ಬಿಗಿದೇ ಇತ್ತು. ಬ್ರೆಂಟ್ ತನ್ನ ಗೊತ್ತುವಳಿಗೆ ತಾನು ಕೈ ಎತ್ತಿದ, ಸೋತ, ಹೋಗಿ ಎಲ್ಲರಿಗೂ ಪಾನಕ ತಂದ. "ಹನ್ನೆರಡನೇ ಜಾಗಕ್ಕೆ ಕಾರಣ ಹುಡುಕ್ಬೇಕು ಈಗ," ಎಂದ. "ಎಂಜಿನ್ನು ಅಂತ ಹೇಳೋ ಹಾಗೂ ಇಲ್ಲ."

ಡೆಲ್ ಯಾವ ಕಡೆ ಕೈ ಎತ್ತುತ್ತಾನೆಂದು ನಾನು ನೋಡುತ್ತಿದ್ದೆ. ಇರಲಿ ಎನ್ನುವ ಕಡೆ ಎತ್ತಿದ, ಎಲ್ಲರಿಗಿಂತ ತಡವಾಗಿ, 'ಬಲಗೈ ನೋಯುತ್ತೆ' ಎನ್ನುವವನಂತೆ. ಮೂರು ಕಪ್ಪುಗಳನ್ನು ಏನು ಮಾಡಬೇಕೆಂದು ಅವನು ವರ್ಲಿನ್‌ನನ್ನು ಕೇಳಿದನಂತೆ. ಇಟ್ಟುಕೋ ಎಂದನಂತೆ ವರ್ಲಿನ್, ಸವೆದದ್ದು ಬಳೆ, ತಿರುವು ತೆಗೆದುಕೊಂಡವನು ನೀನೇ. ಇದನ್ನು ನನಗೆ ಹೇಳಿದ್ದು ನೋಲಾ.

ಪೆಟ್ಟಿಗೆಯ ಬೀಗದ ಕೈ ಈಗ ರೊಸಾಲ್ಬಾಳ ಹತ್ತಿರವಿದೆ. ಗೇಜು ವರ್ಲಿನ್‌ನ ಕೊರಳಿಗೇ ಮರಳಿತು. ಅದಿಲ್ಲದೆ ಅವನ ಅಂಗಿ ಗಾಳಿಗೆ ಹಾರುತ್ತದೆ ಎಂದು ಎಲ್ಲರೂ ಹೇಳಿದರು. ಬಳೆಗಳನ್ನು ಮೆತ್ತನೆಯ ಬಟ್ಟೆಯಿಂದ ಮಾತ್ರ ಒರೆಸಬೇಕೆಂದು ನಿಯಮದ ಪುಸ್ತಕದಲ್ಲಿ ಒಂದು ಸಾಲು ಸೇರಿದೆ. ಚೀಟಿ ಪ್ರತಿವಾರ ಎತ್ತುತ್ತಾರೆ. ನನ್ನ ಪೆನ್ನುಗಳಿಗೆ ಬೇರೆ ಡಬ್ಬ ಸಿಕ್ಕಿದೆ.

ಈ ಬೇಸಿಗೆ ಮೊದಲ ಶನಿವಾರದಿಂದಲೂ ಡೆಲ್‌ಗೊಂದು ಹೊಸ ಅಭ್ಯಾಸ. ಚೀಟಿ ಎತ್ತಿ ಬಳೆ ಕೈಗೆ ಬಂದ ಕೂಡಲೇ ವರ್ಲಿನ್‌ನ ಕೊರಳಿನಿಂದ ಗೇಜು ಎಳೆದುಕೊಂಡು, ಕೆಂಪು ತುದಿಯನ್ನು ತೂತಿಗೆ ಹಿಡಿದು, ತಿರುಗಿಸಿ, ಒತ್ತಿ ನೋಡುತ್ತಾನೆ. ಲಾಡಿ ಬಿಗಿದು ವರ್ಲಿನ್ ಬಗ್ಗಿ ನಿಂತಿರಬೇಕಾಗುತ್ತದೆ.

"ಹೋಗ್ತದಾ?" ಎನ್ನುತ್ತಾನೆ ವರ್ಲಿನ್.

"ಇಲ್ಲ."

"ಚೂರೂ?"

"ಚೂರೂ ಇಲ್ಲ ಮಾರಾಯ. ಹಾಳಾದೋನೆ, ಇಷ್ಟು ಚೆನ್ನಾಗಿ ಯಾಕೆ ಕೊರೀತೀಯ?"

ಡೆಲ್ ಗೊಣಗುತ್ತ ಹೋಗುತ್ತಾನೆ. ಅವನ ಹಿಂದೆ ಸಾಲಿನಲ್ಲಿರುವವರೂ ಈಗ ಹಾಗೇ ಮಾಡುತ್ತಾರೆ. ಜುಲೈ ಬರುವಷ್ಟರಲ್ಲಿ ಕೆಂಪು ಬಣ್ಣ ಅಂಚಿನಲ್ಲಿ ಏಳತೊಡಗಿತ್ತು. ವರ್ಲಿನ್ ಒಂದು ಸಣ್ಣ ಡಬ್ಬಿ ಬಣ್ಣ ತಂದು ನನ್ನ ಮೇಜಿನ ಡ್ರಾಯರಿನಲ್ಲಿಟ್ಟಿದ್ದಾನೆ. ಕುಂಚ ಬೇಡವೆಂದ, ಬೆರಳಲ್ಲೇ ಹಚ್ಚುತ್ತಾನೆ, ಒಣಗುವವರೆಗೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಐಸ್ ಟೀ ಕುಡಿಯುತ್ತಾನೆ.